ಆಖಿನ್‌ಲೆಕ್ ಟಾಲ್ಬಟ್: ಗಣಿಯೂರಿನ ಒಂದು ಫುಟ್‌ಬಾಲ್ ತಂಡ

ಸ್ಯಾಮ್ಯುಯೆಲ್ ಜಾನ್ಸನ್ನನ ಜೀವನಚರಿತ್ರೆ ಬರೆದು ಹೆಸರಾದ ಜೇಮ್ಸ್ ಬಾಸ್ವೆಲ್ಲನ ಮನೆತನದ ಆಸ್ತಿ ಕೊನೆಗೆ ಏನಾಯಿತು ಎಂದು ತಿಳಿಯುವ ಕುತೂಹಲದಿಂದ ಓದಲಾರಂಭಿಸಿದ ನಾನು ಒಂದು ಫುಟ್‌ಬಾಲ್ ಮೈದಾನಕ್ಕೆ ಬಂದು ನಿಂತೆ. ಸ್ಕಾಟ್ಲೆಂಡಿನ ಪೂರ್ವ ಏರ್‌ಶೈರ್ ಪ್ರಾಂತ್ಯದ ಆಖಿನ್‌ಲೆಕ್ ಬಾಸ್ವೆಲ್ಲನ ಪೂರ್ವಿಕರ ಊರು. 1773ರಲ್ಲಿ ಅವನು ಜಾನ್ಸನ್ನನನ್ನು ಕರೆತಂದು ತನ್ನ ತಂದೆಗೆ ಭೇಟಿ ಮಾಡಿಸಿದ್ದೂ, ಆ ಇಬ್ಬರು ಹಿರಿಯರು ವಾದಕ್ಕಿಳಿದದ್ದೂ ಅಲ್ಲಿಯ ಮನೆಯಲ್ಲಿಯೇ. ಅವನ ಮರಿಮೊಮ್ಮಗಳು ಐರ್ಲೆಂಡಿನ ಮ್ಯಾಲಹೈಡಿನ ಟಾಲ್ಬಟ್ ಮನೆತನಕ್ಕೆ ಸೊಸೆಯಾಗಿ ಹೋದದ್ದರಿಂದ ಆಖಿನ್‌ಲೆಕ್ಕಿನ ಜಮೀನು ಕಾಲಕ್ರಮದಲ್ಲಿ ಆ ಮನೆತನದ ಪಾಲಾಯಿತು. 1909ರಲ್ಲಿ ಊರಿನವರು ಒಂದು ತಂಡ ಕಟ್ಟಿದಾಗ ಆಟಕ್ಕೆ ಜಾಗ ಒದಗಿಸಿದವರು ಲಾರ್ಡ್ ಟಾಲ್ಬಟ್. ಹಾಗಾಗಿ ತಂಡಕ್ಕೆ ಅವರ ಹೆಸರೇ ನಿಂತಿತು. ಅಂದಿನ ಆ ಧಣಿಗೆ ಇದು ಅಷ್ಟೇನೂ ದೊಡ್ಡ ಉಪಕಾರವಾಗಿ ಕಂಡಿರಲಾರದು, ಆದರೂ ಇಂದು ಸ್ಕಾಟ್ಲೆಂಡಿನಲ್ಲಿ ಟಾಲ್ಬಟ್ ಎಂದರೆ ನೆನಪಾಗುವುದು ಕಪ್ಪು–ಹೊಂಬಣ್ಣದ ಅಂಗಿ ತೊಟ್ಟ ಈ ತಂಡವೇ.

ಈ ತಂಡ ಸೇರಿದ್ದು ಜೂನಿಯರ್ ಫುಟ್‌ಬಾಲಿಗೆ. ಹಾಗೆಂದರೆ ಎಳೆಯರ ಆಟ ಎಂದಲ್ಲ. ದೇಶದ ಮುಖ್ಯ ಲೀಗಿಗೆ ಸೇರದ, ಸ್ವಂತ ಸಂಘ ಮತ್ತು ಸ್ವಂತ ಪಂದ್ಯಾವಳಿಗಳಿದ್ದ ಬೇರೆಯದೇ ವ್ಯವಸ್ಥೆ ಅದು. ವಾರವೆಲ್ಲ ಬೇರೆ ಕಸುಬು ಮಾಡಿ ಶನಿವಾರ ಮೈದಾನಕ್ಕಿಳಿಯುವ ವಯಸ್ಕರು ಇಲ್ಲಿ ಆಡುತ್ತಾರೆ, ಆಡಿದ್ದಕ್ಕೆ ಒಂದಿಷ್ಟು ಸಂಭಾವನೆಯನ್ನೂ ಪಡೆಯುತ್ತಾರೆ. ಸ್ಕಾಟಿಷ್ ಜೂನಿಯರ್ ಫುಟ್‌ಬಾಲ್ ಸಂಘ 1886ರಲ್ಲಿ ಹುಟ್ಟಿದ ಮೇಲೆ ನೂರಕ್ಕೂ ಹೆಚ್ಚು ವರ್ಷ ಈ ತಂಡಗಳಿಗೆ ಮುಖ್ಯ ಲೀಗಿಗೆ ಏರುವ ದಾರಿಯೇ ಇರಲಿಲ್ಲ. ಎಷ್ಟೇ ಗೆದ್ದರೂ ಮುಂದಿನ ವರ್ಷ ಅದೇ ಮೈದಾನಗಳಲ್ಲಿ ಅದೇ ನೆರೆಯೂರಿನವರೊಡನೆ ಆಡಬೇಕಾಗಿದ್ದುದರಿಂದ, ದೇಶದ ಎಲ್ಲ ಜೂನಿಯರ್ ತಂಡಗಳೂ ಸೆಣಸುವ ಜೂನಿಯರ್ ಕಪ್ಪಿಗೆ ಬೇರೆಲ್ಲೂ ಇಲ್ಲದ ಬೆಲೆ ಬಂತು. 1949ರಲ್ಲಿ ಟಾಲ್ಬಟ್ ಮೊದಲ ಬಾರಿಗೆ ಆ ಕಪ್ ಗೆದ್ದಾಗ, ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕಿನಲ್ಲಿ ಪೀಟರ್ಸ್‌ಹಿಲ್ ತಂಡವನ್ನು 3–2ರಿಂದ ಸೋಲಿಸಿದ್ದನ್ನು ನೋಡಲು ಸೇರಿದವರು 68 ಸಾವಿರಕ್ಕೂ ಹೆಚ್ಚು ಮಂದಿ. ಇಂದು ಆಖಿನ್‌ಲೆಕ್ಕಿನ ಜನಸಂಖ್ಯೆ ಹೆಚ್ಚುಕಡಿಮೆ ನಾಲ್ಕು ಸಾವಿರ ಎಂಬುದನ್ನು ನೆನೆದರೆ ಆ ಜನಸಾಗರದ ಅಳತೆ ತಿಳಿಯುತ್ತದೆ.

ಊರನ್ನು ಸಾಕಿದ್ದು ಕಲ್ಲಿದ್ದಲು. ಬ್ಯಾರೊನಿ ಗಣಿಯ ಬಾಯಿಯ ಮೇಲೆ 1950ರ ದಶಕದಲ್ಲಿ ನಿಲ್ಲಿಸಿದ, ಇಂಗ್ಲಿಷಿನ ‘ಎ’ ಅಕ್ಷರದ ಆಕಾರದ ಉಕ್ಕಿನ ಗೋಪುರ ಇಂದಿಗೂ ಊರಾಚೆ ಒಂಟಿಯಾಗಿ ನಿಂತಿದೆ. ಗಣಿಯ ಉಳಿದೆಲ್ಲ ಕಟ್ಟಡಗಳು ನೆಲಸಮವಾದರೂ ಅದೊಂದನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. 1962ರಲ್ಲಿ ಇದೇ ಗಣಿಯ ಒಂದು ಬಾವಿ ಕುಸಿದು ನಾಲ್ವರು ಸತ್ತರು. 1983ರಲ್ಲಿ ಊರಿನ ಹೈಹೌಸ್ ಗಣಿ ಮುಚ್ಚಿತು. ಮರುವರ್ಷದ ಮಾರ್ಚಿನಲ್ಲಿ ಬ್ರಿಟನ್ನಿನಾದ್ಯಂತ ಆರಂಭವಾದ ಗಣಿ ಕಾರ್ಮಿಕರ ಮುಷ್ಕರ ಒಂದು ವರ್ಷ ನಡೆದು, ಕಾರ್ಮಿಕರ ಸೋಲಿನಲ್ಲಿ ಮುಗಿಯಿತು. 1989ರಲ್ಲಿ ಬ್ಯಾರೊನಿಯೂ ಮುಚ್ಚಿತು.

ಟಾಲ್ಬಟ್ ತಂಡದ ಅತ್ಯಂತ ದೊಡ್ಡ ಸಾಧನೆ ಬಂದದ್ದು ಸರಿಯಾಗಿ ಈ ವರ್ಷಗಳಲ್ಲೇ. ಮೊದಲ ಕಪ್ಪಿನ ನಂತರ 37 ವರ್ಷ ಕಾದ ತಂಡ, ವಿಲ್ಲಿ ನಾಕ್ಸ್ ಅವರ ತರಬೇತಿಯಲ್ಲಿ 1986, 1987 ಮತ್ತು 1988ರಲ್ಲಿ ಸಾಲಾಗಿ ಮೂರು ಸಲ ಜೂನಿಯರ್ ಕಪ್ ಗೆದ್ದಿತು. ಕಪ್ಪಿನ ನೂರು ವರ್ಷಗಳ ಚರಿತ್ರೆಯಲ್ಲಿ ಅದುವರೆಗೆ ಯಾವ ತಂಡವೂ ಹಾಗೆ ಗೆದ್ದಿರಲಿಲ್ಲ. ಮೊದಲನೆಯ ವರ್ಷ ಪೊಲಕ್ ತಂಡದ ವಿರುದ್ಧ 3–2, ಎರಡನೆಯ ವರ್ಷ ಕಿಲ್ಬರ್ನಿ ಲೇಡ್‌ಸೈಡ್ ವಿರುದ್ಧ ಸಮವಾದ ಪಂದ್ಯವನ್ನು ಮತ್ತೆ ಆಡಿ 1–0, ಮೂರನೆಯ ವರ್ಷ ಹಳೆಯ ಎದುರಾಳಿ ಪೀಟರ್ಸ್‌ಹಿಲ್ ವಿರುದ್ಧ 1–0. ಕೆಲಸ ಕಳೆದುಕೊಂಡ ಊರಿಗೆ ಫುಟ್‌ಬಾಲ್ ಸಮಾಧಾನ ತಂದಿತು ಎಂದು ಬರೆಯುವುದು ಸುಲಭ; ಹಾಗೆ ಬರೆದವರೂ ಇದ್ದಾರು. ನನಗೆ ಆ ಮಾತಿನಲ್ಲಿ ಅಷ್ಟು ನಂಬಿಕೆಯಿಲ್ಲ. ಕಪ್ ಬಂದರೆ ಸಂಬಳ ಬರುವುದಿಲ್ಲ. ನನಗೆ ಹೆಚ್ಚು ಗಮನಾರ್ಹವೆನಿಸುವುದು ಇಷ್ಟು: ಕಂಪನಿ, ಯೂನಿಯನ್, ಪಾಳಿ, ಕೂಲಿ ಎಲ್ಲವೂ ಒಂದೊಂದಾಗಿ ಊರನ್ನು ಬಿಟ್ಟುಹೋಗುತ್ತಿದ್ದಾಗ, ಊರಿನವರೇ ನಡೆಸುತ್ತಿದ್ದ ಈ ಒಂದು ಸಂಸ್ಥೆಯ ಬಾಗಿಲನ್ನು ಮುಚ್ಚಿಸುವ ಅಧಿಕಾರ ಹೊರಗಿನ ಯಾರಿಗೂ ಇರಲಿಲ್ಲ.

ನಾಲ್ಕನೆಯ ವರ್ಷ, 1989ರಲ್ಲಿ, ಕಪ್ ಕಮ್ನಕ್ ಜೂನಿಯರ್ಸ್ ಪಾಲಾಯಿತು. ಕಮ್ನಕ್ ಇರುವುದು ಆಖಿನ್‌ಲೆಕ್ಕಿನಿಂದ ಎರಡೇ ಮೈಲಿ ದೂರದಲ್ಲಿ. ಬ್ರಿಟನ್ನಿನ ಲೇಬರ್ ಪಕ್ಷದ ಮೂಲಪುರುಷರಲ್ಲೊಬ್ಬರಾದ ಕೀರ್ ಹಾರ್ಡಿ ನೆಲೆಸಿದ್ದ ಊರದು. ಒಂದೇ ನಾಡಿನ ಗಣಿಗಳಲ್ಲಿ ದುಡಿದ ಈ ಎರಡೂ ಊರುಗಳ ನಡುವೆ ಮೈದಾನದಲ್ಲಿ ಮಾತ್ರ ದಾಯಾದಿಗಳ ಹಾಗೆ ಜಿದ್ದು. ದೂರದ ಗ್ಲಾಸ್ಗೋದವರಿಗೆ ಕಪ್ ಬಿಟ್ಟುಕೊಡುವುದಕ್ಕಿಂತ ಪಕ್ಕದೂರಿಗೆ ಬಿಟ್ಟುಕೊಡುವುದು ಟಾಲ್ಬಟ್ ಅಭಿಮಾನಿಗಳಿಗೆ ಎಷ್ಟೋ ಪಾಲು ಕಹಿಯಾಗಿದ್ದಿರಬೇಕು. 1991 ಮತ್ತು 1992ರಲ್ಲಿ ನಾಕ್ಸ್ ತಂಡ ಮತ್ತೆರಡು ಸಲ ಗೆದ್ದು ಆ ಲೆಕ್ಕವನ್ನು ತೀರಿಸಿತು.

ಆಮೇಲೆ ಬರಗಾಲ. 2006ರಲ್ಲಿ ಟಾಮಿ ಸ್ಲೋನ್ ಅವರ ಕಾಲದಲ್ಲಿ ಏಳನೆಯ ಕಪ್ ಬಂದ ಮೇಲೆ 2009, 2011, 2013, 2015, 2018, 2019, 2022 ಎಂದು ಎಣಿಸುತ್ತ ಹೋಗುವಷ್ಟು ಗೆಲುವುಗಳು, ಒಟ್ಟು ಹದಿನಾಲ್ಕು. ಇಷ್ಟು ಸಲ ಈ ಕಪ್ ಗೆದ್ದ ಇನ್ನೊಂದು ತಂಡವಿಲ್ಲ.

ಈ ಅವಧಿಯಲ್ಲಿ ಇನ್ನೊಂದು ಬಾಗಿಲೂ ತೆರೆಯಿತು. 2007–08ರಿಂದ ಮೇಲ್ಮಟ್ಟದ ಜೂನಿಯರ್ ವಿಜೇತರಿಗೆ ದೊಡ್ಡ ತಂಡಗಳ ಸ್ಕಾಟಿಷ್ ಕಪ್ಪಿನಲ್ಲಿ ಪ್ರವೇಶ ಸಿಕ್ಕಿತು. 2012ರ ಜನವರಿಯಲ್ಲಿ ಟಾಲ್ಬಟ್ ಎಡಿನ್‌ಬರೋದ ಟೈನ್‌ಕ್ಯಾಸಲ್ ಮೈದಾನದಲ್ಲಿ, ಅಗ್ರ ಲೀಗಿನ ಹಾರ್ಟ್ಸ್ ತಂಡವನ್ನು ಎದುರಿಸಿತು. ಪೂರ್ಣಾವಧಿ ವೃತ್ತಿಪರರು ಎಂಬತ್ತು ನಿಮಿಷ ಕಳೆದರೂ ಗೋಲಿಲ್ಲದೆ ಪರದಾಡಿದರು. ಪಂದ್ಯ ಮರುಆಟಕ್ಕೆ ಹೋಗಿ ಹಾರ್ಟ್ಸ್ ಈ ಪುಟ್ಟ ಊರಿಗೇ ಬರಬೇಕಾದೀತು ಎಂಬ ಹೊತ್ತಿಗೆ ಗಾರ್ಡನ್ ಸ್ಮಿತ್ ಒಂದು ಗೋಲು ಹೊಡೆದು ಅವರ ಮಾನ ಉಳಿಸಿದ. ಅದೇ ಹಾರ್ಟ್ಸ್ ಆ ವರ್ಷ ಫೈನಲ್ಲಿನಲ್ಲಿ ಹಿಬರ್ನಿಯನ್ ತಂಡವನ್ನು 5–1ರಿಂದ ಬಗ್ಗುಬಡಿದು ಕಪ್ ಎತ್ತಿತು. ನನ್ನ ಮಟ್ಟಿಗೆ ಟಾಲ್ಬಟ್ಟಿನ ಹಲವು ಗೆಲುವುಗಳಿಗಿಂತ ಈ ಸೋಲೇ ತೂಕದ್ದು.

ಗೆಲುವು 2019ರ ಜನವರಿಯಲ್ಲಿ ಬಂತು. ಎರಡನೆಯ ದರ್ಜೆಯ ಲೀಗಿನಲ್ಲಿ ಆಡುತ್ತಿದ್ದ, ನೆರೆಯ ದಕ್ಷಿಣ ಏರ್‌ಶೈರಿನ ಏರ್ ಯುನೈಟೆಡ್ ತಂಡ ಟಾಲ್ಬಟ್ಟಿನ ಮೈದಾನವಾದ ಬೀಚ್‌ವುಡ್ ಪಾರ್ಕಿಗೆ ಬಂದು, ರಕ್ಷಣಾ ಆಟಗಾರ ಕ್ರೇಗ್ ಮೆಕ್ರ್ಯಾಕನ್ ಕೊನೆಯ ಕಾಲು ಗಂಟೆಯಲ್ಲಿ ಹೊಡೆದ ಒಂದೇ ಗೋಲಿಗೆ ಸೋತು ಹಿಂದಿರುಗಿತು. ಮುಂದಿನ ಸುತ್ತಿನಲ್ಲಿ ಮತ್ತೆ ಹಾರ್ಟ್ಸ್, ಮತ್ತೆ ಟೈನ್‌ಕ್ಯಾಸಲ್. ಈ ಸಲ 4–0 ಸೋಲು. 2022ರಲ್ಲಿ ಹಾರ್ಟ್ಸ್ ಕಡೆಗೂ ಬೀಚ್‌ವುಡ್ ಪಾರ್ಕಿಗೆ ಬಂದು ಐದು ಗೋಲು ಹೊಡೆದು ಹೋಯಿತು.

ಪಶ್ಚಿಮದ ಜೂನಿಯರ್ ತಂಡಗಳು 2020ರಲ್ಲಿ ಒಟ್ಟಾಗಿ ವೆಸ್ಟ್ ಆಫ್ ಸ್ಕಾಟ್ಲೆಂಡ್ ಲೀಗ್ ಸೇರಿದುದರಿಂದ, ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೇರುವ ದಾರಿ ಈಗ ತೆರೆದಿದೆ. ಪೂರ್ವದ ಜೂನಿಯರ್ ತಂಡವಾಗಿದ್ದ ಬಾನಿರಿಗ್ ರೋಸ್ ಹಾಗೆಯೇ ಏರಿ 2022ರಲ್ಲಿ ಮುಖ್ಯ ಲೀಗಿನ ನಾಲ್ಕನೆಯ ದರ್ಜೆಯನ್ನು ತಲುಪಿತು. ಈ ಬದಲಾವಣೆ ನ್ಯಾಯವಾದದ್ದೇ. ಆದರೆ ಏರಲು ದಾರಿಯಿಲ್ಲದ ಕಾಲದಲ್ಲಿ ಜೂನಿಯರ್ ಕಪ್ಪಿಗೆ ಇದ್ದ ಬೆಲೆ ಇನ್ನು ಮುಂದೆಯೂ ಉಳಿದೀತೇ ಎಂಬ ಅನುಮಾನ ನನಗಿದೆ. 2023ರಲ್ಲಿ ಕಪ್ ಗೆದ್ದ ಕಮ್ನಕ್ಕಿನವರ ಮುಂದೆ ಈ ಅನುಮಾನವನ್ನು ಆಡಿ ತೋರಿಸುವ ಧೈರ್ಯ ಮಾತ್ರ ನನಗಿಲ್ಲ.