ತೊರೆಯ ಆರೋಗ್ಯ ನೋಡಬೇಕಾದರೆ ಕಲ್ಲಿನಡಿ ನೋಡಿ

ನೀರು ತಿಳಿಯಾಗಿದೆ ಎಂದ ಮಾತ್ರಕ್ಕೆ ತೊರೆ ಚೆನ್ನಾಗಿದೆ ಎನ್ನುವಂತಿಲ್ಲ. ಬಾಟಲಿಯಲ್ಲಿ ತುಂಬಿಕೊಂಡ ತೊರೆಯ ನೀರು ಆ ಗಳಿಗೆಯದ್ದನ್ನಷ್ಟೇ ಹೇಳುತ್ತದೆ. ತಳದಲ್ಲಿ ಬದುಕುವ ಹುಳುಗಳು ಹಲವು ತಿಂಗಳ ಲೆಕ್ಕ ಒಪ್ಪಿಸುತ್ತವೆ.

ಬೇಕಾದದ್ದು ಅರ್ಧ ಮಿಲಿಮೀಟರ್ ಕಣ್ಣಿನ ಬಲೆ, ಬಿಳಿ ತಟ್ಟೆ, ಭೂತಗನ್ನಡಿ. ಕಲ್ಲುಗಳ ನಡುವೆ ನೀರು ರಭಸವಾಗಿ ಹರಿಯುವ ಕಡೆ ಬಲೆಯ ಬಾಯಿಯನ್ನು ಹರಿವಿಗೆ ಎದುರಾಗಿ ತಳಕ್ಕೆ ಒತ್ತಿ ಹಿಡಿಯಿರಿ. ನೀರು ಹರಿದು ಬರುವ ಕಡೆ, ಬಲೆಯ ಮೇಲ್ಬದಿಯಲ್ಲಿ ನಿಂತು 3 ನಿಮಿಷ ಕಾಲಿನಿಂದ ತಳ ಕೆದಕಿ. ಯಾವಾಗಲೂ ಹರಿವಿನ ಕೆಳಗಿನಿಂದ ಮೇಲಕ್ಕೆ ಸಾಗಬೇಕು. ಇಲ್ಲದಿದ್ದರೆ ನೀವೇ ಎಬ್ಬಿಸಿದ ಕೆಸರು ಮುಂದಿನ ಮಾದರಿಗೆ ಸೇರುತ್ತದೆ. ನೀರಿನ ಮಾದರಿಯನ್ನು ಕಾಲಿಡುವ ಮೊದಲೇ ತುಂಬಿಕೊಳ್ಳಿ. ದೊಡ್ಡ ಮಳೆಯ ಬೆನ್ನಲ್ಲೇ ಹೋಗಬೇಡಿ, ಪ್ರವಾಹ ಹುಳುಗಳನ್ನು ಕೊಚ್ಚಿಕೊಂಡು ಹೋಗಿರುತ್ತದೆ.

ಎರಡು ಬಾಲದ ಸ್ಟೋನ್‌ಫ್ಲೈ ಕೀಟದ ಮರಿ, ಸಾಮಾನ್ಯವಾಗಿ ಮೂರು ಬಾಲದ, ಹೊಟ್ಟೆಯ ಪಕ್ಕದಲ್ಲಿ ಕಿವಿರುಗಳಿರುವ ಮೇಫ್ಲೈ ಮರಿ, ಮರಳು-ಕಡ್ಡಿಯ ಗೂಡು ಹೊತ್ತ ಕ್ಯಾಡಿಸ್‌ಫ್ಲೈ ಮರಿ: ಈ ಮೂರೂ ಬಗೆ ಸಿಕ್ಕರೆ ಒಳ್ಳೆಯ ಸೂಚನೆ. ಬರೀ ಕೆಂಪು ಹುಳುಗಳೇ ತುಂಬಿದ್ದರೆ ನೀರಿನ ಆಮ್ಲಜನಕ ಕಬಳಿಸುವ ಸಾವಯವ ಕೊಳೆಯನ್ನು ಶಂಕಿಸಿ. ಅವುಗಳ ಮೈಯಲ್ಲಿರುವ ಹಿಮೋಗ್ಲೋಬಿನ್‌ನಿಂದಾಗಿ ಕಡಿಮೆ ಆಮ್ಲಜನಕದಲ್ಲೂ ಬದುಕುತ್ತವೆ.

ಕರಗಿದ ಆಮ್ಲಜನಕವನ್ನು ಬೆಳಗಿನ ಜಾವ ಅಳೆಯಿರಿ. ಮಧ್ಯಾಹ್ನ ಪಾಚಿಯ ದ್ಯುತಿಸಂಶ್ಲೇಷಣೆಯಿಂದ ಅಂಕಿ ಉಬ್ಬಿರುತ್ತದೆ, ರಾತ್ರಿಯ ಕೊರತೆ ಕಾಣುವುದೇ ಇಲ್ಲ. ಉಷ್ಣಾಂಶವನ್ನೂ ಬರೆದಿಡಿ: ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಸುಮಾರು 7.5. ಮಾದರಿ ಬಾಟಲಿಯಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಅಳತೆ ಕೆಟ್ಟಂತೆಯೇ.