ಮುನ್ನೂರು ರೂಪಾಯಿ ಹೆಚ್ಚು

2018ರ ಮಾರ್ಚ್ 31, ಶನಿವಾರ. ಬದಿಯಡ್ಕದ ಒಂದು ಅಡಿಕೆ ಅಂಗಡಿಗೆ ಹೋಗಿ ವರ್ಷಾಂತ್ಯದ ದಾಸ್ತಾನನ್ನೂ ನಗದನ್ನೂ ಎಣಿಸಿ ಬರುವಂತೆ ಕಾಸರಗೋಡಿನ ನಮ್ಮ ಆಡಿಟರು ನನ್ನೊಬ್ಬನನ್ನೇ ಕಳುಹಿಸಿದ್ದರು. ಆಗ ನಾನು ಸಿ.ಎ. ಓದಿನ ಭಾಗವಾಗಿ ಆಡಿಟರ ಕೈಕೆಳಗೆ ಮಾಡುವ ತರಬೇತಿಯಾದ ಆರ್ಟಿಕಲ್‌ಶಿಪ್‌ನ ಮೊದಲ ವರ್ಷದಲ್ಲಿದ್ದೆ. ಸಿ.ಎ.ಯ ನಡುಹಂತದ ಆಗಿನ ಪರೀಕ್ಷೆಯಾದ ಐಪಿಸಿಸಿಯ ಎರಡು ಗ್ರೂಪುಗಳಲ್ಲಿ ಒಂದು ಮುಗಿದಿತ್ತು. ಎರಡನೆಯದರಲ್ಲಿ, ನವೆಂಬರಿನ ಪರೀಕ್ಷೆಯಲ್ಲಿ, ಆಡಿಟಿಂಗ್‌ಗೆ 38 ಬಂದು ಇಡೀ ಗ್ರೂಪ್ ಕೈತಪ್ಪಿತ್ತು. ಪ್ರತಿ ಪತ್ರಿಕೆಗೆ 40, ಗ್ರೂಪಿಗೆ ಒಟ್ಟು ಶೇಕಡಾ 50 ಎಂಬ ನಿಯಮದ ಮುಂದೆ ಎರಡು ಅಂಕದ ಗೋಳನ್ನು ಕೇಳುವವರಿಲ್ಲ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಈ ಪರೀಕ್ಷೆಯನ್ನೋ ಇಂಗ್ಲಿಷಿನಲ್ಲಿ ಇಲ್ಲವೇ ಹಿಂದಿಯಲ್ಲಿ ಬರೆಯಬೇಕಿತ್ತು. ಹಾಗಾಗಿ ಆಡಿಟಿಂಗ್ ಸ್ಟ್ಯಾಂಡರ್ಡುಗಳ ಇಂಗ್ಲಿಷ್ ವಾಕ್ಯಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆ.

ಅಡಿಕೆಯನ್ನು ಮನೆಯಂಗಳದಲ್ಲೇ ಕಂಡು ಬೆಳೆದವನಾದ್ದರಿಂದ ಚಾಲಿ, ಪಟೋರ, ಕರಿಗೋಟುಗಳ ಚೀಲ ಬಿಚ್ಚಿಸಿ ನೋಡುವುದು ಮಧ್ಯಾಹ್ನದೊಳಗೆ ಮುಗಿಯಿತು. ತೊಡಕಾದದ್ದು ನಗದು. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿಯ ನಗದು ಪುಸ್ತಕಕ್ಕಿಂತ ಮೇಜಿನ ಡ್ರಾಯರಿನಲ್ಲಿ 300 ರೂಪಾಯಿ ಹೆಚ್ಚಿತ್ತು.

"ಕಮ್ಮಿ ಆದದ್ದಲ್ಲವಲ್ಲ ಮಾರಾಯರೆ, ದೇವರ ಡಬ್ಬಿಗೆ ಹಾಕುವ, ಬಿಡಿ" ಎಂದರು ಧಣಿಗಳು. ನನಗೂ ಹಾಗೆಯೇ ಅನಿಸಿತು. ಕೊನೆಯ ಬಸ್ಸಿನ ಚಿಂತೆಯೂ ಇತ್ತು. ಆಡಿಟರಿಗೆ ಫೋನ್ ಮಾಡಿದರೆ, "ಒಂಬತ್ತರಿಂದ ಭಾಗಿಸಿ ನೋಡಿದೆಯಾ?" ಎಂದು ಕೇಳಿದರು. ಅಂಕಿಗಳು ಹಿಂದುಮುಂದಾಗಿ, 710 ಎಂಬುದು 170 ಆಗಿ ನಮೂದಾಗಿದ್ದರೆ ವ್ಯತ್ಯಾಸವು ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 300 ಆಗುವುದಿಲ್ಲ. "ಹಾಗಾದರೆ ವೋಚರ್ ನೋಡು" ಎಂದು ಫೋನ್ ಇಟ್ಟರು.

ಫೆಬ್ರವರಿ ಕೊನೆಗೆ ನಗದು ಸರಿಯಿತ್ತೆಂದು ಹಿರಿಯ ಗುಮಾಸ್ತರು ಬರೆದಿಟ್ಟಿದ್ದರಿಂದ ಮಾರ್ಚಿನ ವೋಚರ್ ಚೀಟಿಗಳ ಕಟ್ಟು ಮಾತ್ರ ಬಿಚ್ಚಿದೆ. ದಬ್ಬಣದಲ್ಲಿ ಚುಚ್ಚಿ ನೂಲಿನಲ್ಲಿ ಪೋಣಿಸಿದ ಆ ಚೀಟಿಗಳಲ್ಲಿ ಗುಮಾಸ್ತರು ಬರೆಯುತ್ತಿದ್ದದ್ದು ಕನ್ನಡ ಅಂಕಿಗಳನ್ನೇ. ಅವನ್ನು ಟ್ಯಾಲಿಗೆ ಏರಿಸುತ್ತಿದ್ದವಳು ಮಲಯಾಳಂ ಮಾಧ್ಯಮದಲ್ಲಿ ಓದಿದ ಹುಡುಗಿ. ಅವಳಿಗಾಗಿ ಹತ್ತು ಅಂಕಿಗಳನ್ನು ಬರೆದ ರಟ್ಟೊಂದನ್ನು ಮಾನಿಟರಿನ ಬದಿಗೆ ಅಂಟಿಸಿದ್ದರು. ಸಂಜೆ ಐದರ ಹೊತ್ತಿಗೆ ಲಾರಿಗೆ ಚೀಲ ಹೇರಿದ ಕೂಲಿಯ ಚೀಟಿಯೊಂದು ಸಿಕ್ಕಿತು. ಚೀಟಿಯಲ್ಲಿ ೩೫೦, ಟ್ಯಾಲಿಯಲ್ಲಿ 650. ಅವಸರದ ಕೈಬರಹದಲ್ಲಿ ೩ ಮತ್ತು ೬ರ ನಡುವೆ ಬಾಲದ ತಿರುವೊಂದೇ ವ್ಯತ್ಯಾಸ. ಆ ತಿರುವಿನ ಮೇಲೆ ಶಾಯಿ ಬೇರೆ ಹರಡಿತ್ತು. ಒಂದನೇ ತರಗತಿಯಲ್ಲಿ ಸ್ಲೇಟಿನ ಮೇಲೆ ತಿದ್ದದೆ ಇದ್ದಿದ್ದರೆ ನಾನೂ ಆರೆಂದೇ ಓದುತ್ತಿದ್ದೆ.

ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಮೊತ್ತಗಳನ್ನು ತಾಳೆ ನೋಡುವ ಟ್ರಯಲ್ ಬ್ಯಾಲೆನ್ಸ್ ಮಾತ್ರ ಬೆಳಗ್ಗೆಯೇ ಪೈಸೆಗೆ ಪೈಸೆ ಹೊಂದಿತ್ತು. ಮೂಲ ನಮೂದಿನಲ್ಲೇ ಮೊತ್ತ ತಪ್ಪಿದರೆ ಕೂಲಿಯ ಡೆಬಿಟ್ಟೂ ನಗದಿನ ಕ್ರೆಡಿಟ್ಟೂ ಒಂದೇ ಅಳತೆಗೆ ತಪ್ಪುವುದರಿಂದ ಅದು ಇದನ್ನು ತೋರಿಸಿಕೊಡುವುದೇ ಇಲ್ಲ. ಈ ವಾಕ್ಯವನ್ನು ಇಂಗ್ಲಿಷಿನಲ್ಲಿ ಎಷ್ಟು ಸಲ ಬರೆದಿದ್ದೆನೋ ಲೆಕ್ಕವಿಲ್ಲ. ಬರೆದಾಗಲೆಲ್ಲ, ಇಂಥ ತಪ್ಪು ಮಾಡುವವರು ಎಲ್ಲಿರುತ್ತಾರೆ ಎಂಬ ಅಸಡ್ಡೆ ಒಳಗೊಳಗೇ ಇತ್ತು. ಇಲ್ಲಿ ತಪ್ಪು ಯಾರದೆಂದು ಹೇಳಲು ಈಗಲೂ ನನ್ನಿಂದಾಗದು.

ಹುಡುಗಿಯ ಮುಖ ಸಣ್ಣಗಾಗಿತ್ತು. ಗುಮಾಸ್ತರು ಕನ್ನಡಕ ಏರಿಸಿ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ರಟ್ಟನ್ನು ಕಿತ್ತು, ಕೆಂಪು ಶಾಯಿಯಲ್ಲಿ ೬ರ ಬಾಲವನ್ನು ಎರಡು ಪಟ್ಟು ಉದ್ದ ಮಾಡಿ ಮತ್ತೆ ಅಂಟಿಸಿದರು.

ಮರುದಿನ ರಾತ್ರಿ ಆಡಿಟಿನ ಟಿಪ್ಪಣಿಯಾದ ವರ್ಕಿಂಗ್ ಪೇಪರನ್ನು ಇಂಗ್ಲಿಷಿನಲ್ಲಿ ಬರೆಯುತ್ತ ಆ ಚೀಟಿಯ ವಿವರಕ್ಕೆ ಬಂದಾಗ ಪೆನ್ನು ನಿಂತಿತು. ಬೇರೆ ದಾರಿ ಕಾಣದೆ ೩ ಮತ್ತು ೬ನ್ನು ಇದ್ದ ಹಾಗೆಯೇ ಬರೆದೆ. ನನ್ನ ವ್ಯಾಕರಣವನ್ನೆಲ್ಲ ಹೊಡೆದುಹಾಕುತ್ತಿದ್ದ ಆಡಿಟರು ಅವೆರಡನ್ನು ಮಾತ್ರ ಮುಟ್ಟದೆ ಕೆಳಗೆ ಸಹಿ ಹಾಕಿದರು.