ಒರಟು ನೆಲಕ್ಕೊಂದು ಕಬ್ಬಿಣದ ಕೊರಡು

ಬೊಡ್ಡೆಗಳನ್ನು ಬೇರುಸಮೇತ ಕಿತ್ತು, ಪೊದೆ ಸವರಿ, ಕೊಂಬೆ ರೆಂಬೆಗಳನ್ನೆಲ್ಲ ಸಾಗಿಸಿದ ಮೇಲೆ ನಮ್ಮ ಪಾಲಿಗೆ ಉಳಿದದ್ದು ಬಿತ್ತನೆಗೆ ಒಗ್ಗದ ನೆಲ. ದೊಡ್ಡ ಬೊಡ್ಡೆ ಇದ್ದ ಕಡೆಯಲ್ಲೆಲ್ಲ ಮೊಣಕಾಲಾಳದ ಗುಂಡಿ, ಅದರ ಪಕ್ಕದಲ್ಲೇ ಬೇರಿಗೆ ಅಂಟಿಕೊಂಡು ಬಂದು ಉದುರಿದ ಮಣ್ಣಿನ ದಿಬ್ಬ, ಇವುಗಳ ನಡುವೆ ಬುಲ್ಡೋಜರ್ ಓಡಾಡಿ ಬಿಟ್ಟುಹೋದ ಏರಿಳಿತ. ಬುಲ್ಡೋಜರ್ ದೊಡ್ಡ ರಾಶಿಗಳನ್ನು ಸರಿಸಿಕೊಟ್ಟಿತು. ಆದರೆ ಅದರ ಅಲಗು ಯಂತ್ರದ ಮೂತಿಯಲ್ಲೇ ಇರುವುದರಿಂದ, ಯಂತ್ರ ಉಬ್ಬು ಹತ್ತಿದಾಗ ಅಲಗೂ ಏಳುತ್ತದೆ, ತಗ್ಗಿಗೆ ಬಿದ್ದಾಗ ಅಲಗೂ ನೆಲಕ್ಕೆ ಕಚ್ಚುತ್ತದೆ. ಒಂದು ಏರಿಳಿತ ಅಳಿಸುವ ಹೊತ್ತಿಗೆ ಇನ್ನೊಂದು ಹುಟ್ಟಿಕೊಂಡಿರುತ್ತದೆ. ಟ್ರ್ಯಾಕ್ಟರಿನ ಹಿಂದೆ ಹೈಡ್ರಾಲಿಕ್ ತೋಳುಗಳಿಗೆ ಕಟ್ಟುವ ಬ್ಲೇಡಿನ ಪಾಡೂ ಅದೇ. ಮುಂದಿನ ಗಾಲಿ ದಿಬ್ಬ ಏರಿದರೆ ಹಿಂದಿನ ಬ್ಲೇಡು ಅಗೆಯುತ್ತದೆ, ಮುಂದಿನ ಗಾಲಿ ಗುಂಡಿಗಿಳಿದರೆ ಬ್ಲೇಡು ಗಾಳಿಯಲ್ಲಿರುತ್ತದೆ. ಹಾಗಾಗಿ ಟ್ರ್ಯಾಕ್ಟರಿನ ಏರಿಳಿತಕ್ಕೆ ಸಂಬಂಧವೇ ಇರದಂತೆ, ಸರಪಳಿಯಿಂದ ಸುಮ್ಮನೆ ಎಳೆದೊಯ್ದು ನೆಲ ಮಟ್ಟ ಮಾಡುವ ಕೊರಡೊಂದನ್ನು ಕಬ್ಬಿಣದಲ್ಲಿ ಮಾಡಿಕೊಳ್ಳಲು ನಾನೂ ನನ್ನ ತಮ್ಮನೂ ನಿರ್ಧರಿಸಿದೆವು.

ಕೊರಡು ಎಂದರೆ ಭಾರ ಎಂಬ ನಂಬಿಕೆ ಬಹಳ ಮಂದಿಯಲ್ಲಿದೆ. ಭಾರ ಬೇಕು ನಿಜ, ಆದರೆ ಒರಟು ನೆಲವನ್ನು ಮಟ್ಟ ಮಾಡುವುದು ಕೊರಡಿನ ಉದ್ದ. ಬಡಗಿಯ ಉದ್ದನೆಯ ಉಜ್ಜುಗೊರಡು ಹಲಗೆಯ ಎರಡು ಉಬ್ಬುಗಳ ಮೇಲೆ ಕುಳಿತು, ನಡುವಿನ ತಗ್ಗನ್ನು ಮುಟ್ಟದೆ, ಉಬ್ಬುಗಳನ್ನಷ್ಟೇ ಹೆರೆಯುತ್ತ ಹೋಗುವಂತೆ, ಉದ್ದವಾದ ಕೊರಡು ತನ್ನ ಉದ್ದಕ್ಕಿಂತ ಕಿರಿದಾದ ಗುಂಡಿಯನ್ನು ಸೇತುವೆಯಂತೆ ದಾಟಿ, ಮುಂದೆ ತಳ್ಳಿಕೊಂಡು ಬಂದ ಮಣ್ಣನ್ನು ಅದರೊಳಗೆ ಸುರಿಸುತ್ತದೆ. ಒಂದೇ ತೊಲೆಯನ್ನು ಅಡ್ಡಲಾಗಿ ಎಳೆದರೆ ಅದಕ್ಕೆ ಹಿಂದುಮುಂದಿನ ಉದ್ದವೇ ಇರುವುದಿಲ್ಲ. ಅದು ಗುಂಡಿಗೆ ಇಳಿದು ಗುಂಡಿಯ ಆಕಾರವನ್ನೇ ನುಣುಪು ಮಾಡಿ ಮೇಲೇರುತ್ತದೆ. ನಮ್ಮ ನೆಲದ ಗುಂಡಿಗಳಲ್ಲಿ ಹೆಚ್ಚಿನವು ಎರಡು ಮೀಟರ್ ಅಗಲದೊಳಗಿದ್ದವು. ಆದ್ದರಿಂದ ಉದ್ದವನ್ನು ಮೂರು ಮೀಟರ್ ಎಂದು ಗೊತ್ತುಮಾಡಿದೆವು. ಅಗಲಕ್ಕೆ ಬೇರೆಯದೇ ಲೆಕ್ಕ: ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಹೊರ ಅಂಚಿನಿಂದ ಹೊರ ಅಂಚಿಗೆ ಎಷ್ಟಿದೆಯೋ ಅದಕ್ಕಿಂತ ಕೊರಡು ತುಸು ಅಗಲವಿರಬೇಕು, ಇಲ್ಲವಾದರೆ ಗಾಲಿ ತುಳಿದ ಗೆರೆ ಅಳಿಸದೆ ಉಳಿಯುತ್ತದೆ. ನಮ್ಮದು 1.75 ಮೀಟರ್ ಇತ್ತು. ಎರಡು ಮೀಟರ್ ಸಾಕಾಯಿತು.

ಈ ಅಳತೆಗಳು ಸಾಮಾನಿಗೂ ಒಪ್ಪಿದವು. ಐ-ಬೀಮ್, ಅಂದರೆ ಇಂಗ್ಲಿಷಿನ I ಅಕ್ಷರದಂತೆ ಮೇಲೆ ಕೆಳಗೆ ಪಟ್ಟಿ, ನಡುವೆ ತಗಡು ಇರುವ ಉಕ್ಕಿನ ತೊಲೆ, ಸಾಮಾನ್ಯವಾಗಿ ಆರು ಮೀಟರ್ ಉದ್ದದಲ್ಲಿ ಸಿಗುತ್ತದೆ. ಒಂದು ಬೀಮಿನಿಂದ ಮೂರು ಮೀಟರಿನ ಎರಡು ಪಕ್ಕದ ಜಾರುಪಟ್ಟಿಗಳು, ಇನ್ನೊಂದರಿಂದ ಎರಡು ಮೀಟರಿನ ಮೂರು ಅಡ್ಡ ತೊಲೆಗಳು; ವ್ಯರ್ಥವಾದದ್ದು ಕೊರೆಯುವಾಗ ಉದುರಿದ ಪುಡಿ ಮಾತ್ರ. 150 ಮಿಲಿಮೀಟರ್ ಎತ್ತರದ ಬೀಮು ಮೀಟರಿಗೆ ಸುಮಾರು 15 ಕಿಲೊ ತೂಗುವುದರಿಂದ ಚೌಕಟ್ಟಿನ ತೂಕ 180 ಕಿಲೊದ ಹತ್ತಿರಕ್ಕೆ ಬಂತು. ಹಳೆಯ ರೈಲು ಹಳಿ ಇನ್ನೂ ಭಾರವಾಗಿರುತ್ತದಲ್ಲ ಎಂದು ತಮ್ಮ ಕೇಳಿದ. ಭಾರ ಹೌದು, ಆದರೆ ಹಳಿಯ ಉಕ್ಕಿನಲ್ಲಿ ಇಂಗಾಲ ಹೆಚ್ಚು. ಮೊದಲೇ ಚೆನ್ನಾಗಿ ಕಾಯಿಸದೆ ವೆಲ್ಡ್ ಮಾಡಿದರೆ ಬೆಸುಗೆಯ ಅಂಚು ಗಾಜಿನಷ್ಟು ಪೆಡಸಾಗಿ, ಬೇರಿಗೋ ಬಂಡೆಗೋ ತಾಗಿದ ದಿನ ಬಿರಿಯುತ್ತದೆ. ಬೀಮಿನ ಮೃದು ಉಕ್ಕಿಗೆ ಆ ಕಾಟವಿಲ್ಲ.

ಜಾರುಪಟ್ಟಿಯ ಮುಂದಿನ ತುದಿಯನ್ನು ಮೇಲಕ್ಕೆ ಬಾಗಿಸುವುದೇ ಈ ಕೆಲಸದಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ. ಬೀಮಿನ ತುದಿಯಿಂದ ಒಂದು ಗೇಣು ಹಿಂದೆ, ನಡುವಿನ ತಗಡಿನಲ್ಲಿ ಗ್ರೈಂಡರಿನಿಂದ ತ್ರಿಕೋನಾಕಾರದ ತುಂಡೊಂದನ್ನು ಕತ್ತರಿಸಿ ತೆಗೆದು, ಮೇಲಿನ ಪಟ್ಟಿಯನ್ನೂ ಅಲ್ಲಿ ಸೀಳಿ, ಕೆಳಗಿನ ಪಟ್ಟಿಯನ್ನು ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ ಮೇಲೆತ್ತಿದೆವು. ಸೀಳಿದ ಬಾಯಿ ನಿಧಾನವಾಗಿ ಮುಚ್ಚಿಕೊಂಡು ಎರಡು ಅಂಚುಗಳೂ ಕೂಡಿದಾಗ ಅಲ್ಲೇ ಬೆಸೆದೆವು. ಈ ಬಾಗು ಇಲ್ಲದಿದ್ದರೆ ಜಾರುಪಟ್ಟಿ ಮೊದಲ ದಿಬ್ಬಕ್ಕೇ ನೇಗಿಲಿನಂತೆ ನಾಟಿಕೊಳ್ಳುತ್ತದೆ.

ಮೂರು ಅಡ್ಡ ತೊಲೆಗಳಿಗೂ ಒಂದೊಂದು ಕೆಲಸವಿದೆ. ಮುಂದಿನದನ್ನು ಜಾರುಪಟ್ಟಿಯ ತಳಕ್ಕಿಂತ ಐದು ಸೆಂಟಿಮೀಟರ್ ಮೇಲಕ್ಕೆ ಕೂರಿಸಿದೆವು. ಅದು ದಿಬ್ಬದ ನೆತ್ತಿಯನ್ನು ಕೆಡವುತ್ತದೆ, ಹೆಂಟೆಗಳನ್ನು ಒಡೆಯುತ್ತದೆ. ನಡುವಿನದಕ್ಕೆ ರಸ್ತೆ ಮಟ್ಟ ಮಾಡುವ ಗ್ರೇಡರ್ ಯಂತ್ರದ ಸವೆದ ಅಲಗನ್ನು ಬೋಲ್ಟುಗಳಿಂದ ಬಿಗಿದು, ಅಲಗಿನ ಅಂಚು ಜಾರುಪಟ್ಟಿಯ ತಳಕ್ಕೆ ಸರಿಸಮ ಬರುವಂತೆ ಮಾಡಿದೆವು. ಆ ಅಲಗೂ ಗಡಸು ಉಕ್ಕಿನದು, ಹಾಗಾಗಿ ಅದಕ್ಕೆ ವೆಲ್ಡಿಂಗ್ ತಾಗಿಸಲಿಲ್ಲ. ತೂತುಗಳು ಅದರಲ್ಲೇ ಇದ್ದವು, ಒಂದು ಅಂಚು ಸವೆದ ಮೇಲೆ ತಿರುಗಿಸಿ ಇನ್ನೊಂದನ್ನು ಬಳಸಬಹುದು. ಹಿಂದಿನ ತೊಲೆ ನುಣುಪು ಮಾಡಲಿಕ್ಕೆ. ಚೌಕಟ್ಟಿನ ಬೆಸುಗೆಗೆ 7018 ಎಂಬ ಗುರುತಿನ, ಹೈಡ್ರೋಜನ್ ಕಡಿಮೆ ಇರುವ ವೆಲ್ಡಿಂಗ್ ರಾಡುಗಳನ್ನು ಬಳಸಿದೆವು. ಅವು ತೇವ ಹೀರಿದರೆ ಬೆಸುಗೆಗೆ ಹೈಡ್ರೋಜನ್ ಸೇರಿ ಒಳಗೊಳಗೇ ಬಿರುಕು ಬಿಡುತ್ತದೆ. ಬಿಸಿ ಪೆಟ್ಟಿಗೆಯಲ್ಲಿಟ್ಟು ಒಂದೊಂದಾಗಿ ತೆಗೆಯುವಷ್ಟು ತಾಳ್ಮೆ ಬೇಕು. ನಾಲ್ಕು ಮೂಲೆಗಳಿಗೂ ದಪ್ಪ ತಗಡಿನ ತ್ರಿಕೋನಗಳನ್ನು ಕೂಡಿಸಿದೆವು, ಏಕೆಂದರೆ ಒಂದು ಪಕ್ಕ ಮಾತ್ರ ಬೇರಿಗೆ ಸಿಕ್ಕಿಕೊಂಡಾಗ ಚೌಕಟ್ಟು ಓರೆಯಾಗಲು ಹವಣಿಸುತ್ತದೆ, ಆಗ ಅದನ್ನು ತಡೆದು ಹಿಡಿಯುವುದು ಆ ಮೂಲೆಗಳೇ.

ಸರಪಳಿಯನ್ನು ಎಲ್ಲಿಗೆ ಕಟ್ಟಬೇಕೆಂಬುದು ಜೀವದ ಪ್ರಶ್ನೆ. ಟ್ರ್ಯಾಕ್ಟರಿನ ಡ್ರಾಬಾರಿಗೆ, ಅಂದರೆ ಹಿಂದಿನ ಅಚ್ಚಿಗಿಂತ ಕೆಳಗಿರುವ ಎಳೆಪಟ್ಟಿಗೆ ಮಾತ್ರ ಕಟ್ಟಬೇಕು. ಅಚ್ಚಿಗೋ, ಅದಕ್ಕಿಂತ ಮೇಲೆ ಉಪಕರಣ ಹಿಡಿಯುವ ಟಾಪ್ ಲಿಂಕ್ ಎಂಬ ತೋಳಿಗೋ ಕಟ್ಟಿದರೆ, ಕೊರಡು ಬೇರಿಗೆ ಸಿಕ್ಕಿ ನಿಂತ ಕ್ಷಣದಲ್ಲಿ ಟ್ರ್ಯಾಕ್ಟರಿನ ಮೂತಿ ಎದ್ದು ಹಿಂದಕ್ಕೆ ಮಗುಚುತ್ತದೆ. ಕ್ಲಚ್ ಒತ್ತುವಷ್ಟು ಬಿಡುವೂ ಚಾಲಕನಿಗೆ ಸಿಗುವುದಿಲ್ಲ. ಬೇರುಗಳು ಉಳಿದಿರುವ ನೆಲದಲ್ಲಿ ಕೊರಡು ಸಿಕ್ಕಿಕೊಳ್ಳುವುದು ಖಂಡಿತವಾದ್ದರಿಂದ ಈ ಎಚ್ಚರಿಕೆಯಲ್ಲಿ ಸಡಿಲಿಕೆ ಸಲ್ಲದು. ಭಾರಕ್ಕೆಂದು ಕೊರಡಿನ ಮೇಲೆ ಮನುಷ್ಯರನ್ನು ನಿಲ್ಲಿಸುವುದನ್ನೂ ನಾನು ಎಂದಿಗೂ ಒಪ್ಪುವುದಿಲ್ಲ.

ಕೊರಡು ಗಟ್ಟಿ ನೆಲವನ್ನು ಕಡಿಯಲಾರದು. ಸಡಿಲವಾದ ಮಣ್ಣನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬಲ್ಲದು, ಅಷ್ಟೇ. ಆದ್ದರಿಂದ ದಿಬ್ಬಗಳ ಮೇಲೆ ಮೊದಲು ಕಲ್ಟಿವೇಟರ್ ಹೊಡೆದು, ಮೇಲೆ ಬಂದ ಬೇರುಗಳನ್ನು ಆಯ್ದು ಹೊರಹಾಕಿದೆವು. ಆಯುವುದು ಬೇಸರದ ಕೆಲಸ, ಆದರೂ ಬಿಡುವಂತಿಲ್ಲ. ಗುಂಡಿಯೊಳಗೆ ಹೂತ ಬೇರು ಕೊಳೆತ ಮೇಲೆ ಅಲ್ಲಿ ನೆಲ ಮತ್ತೆ ಕುಸಿಯುತ್ತದೆ. ಆಮೇಲೆ ಹದಕ್ಕಾಗಿ ಕಾದೆವು. ಒಂದು ಹಿಡಿ ಮಣ್ಣನ್ನು ಅಮುಕಿದರೆ ಉಂಡೆಯಾಗಬೇಕು, ಹೆಬ್ಬೆರಳಿನಿಂದ ಒತ್ತಿದರೆ ಪುಡಿಯಾಗಬೇಕು. ಒದ್ದೆ ಹೆಚ್ಚಾದರೆ ಮಣ್ಣು ಅಲಗಿಗೆ ಮೆತ್ತಿಕೊಂಡು ನೆಲ ಬಿಗಿಯುತ್ತದೆ. ಒಣಗಿದರೆ ಹೆಂಟೆಗಳು ಅಲಗಿನ ಮುಂದೆ ಉರುಳುತ್ತವೆಯೇ ಹೊರತು ಒಡೆಯುವುದಿಲ್ಲ.

ಹದ ಕೂಡಿದ ಬೆಳಿಗ್ಗೆ ಕೊರಡನ್ನು ಇಳಿಸಿದೆವು. ತಮ್ಮ ಟ್ರ್ಯಾಕ್ಟರ್ ಓಡಿಸುತ್ತಿದ್ದ, ನಾನು ಪಕ್ಕದಲ್ಲಿ ದೂರದಿಂದ ನಡೆಯುತ್ತ ನೋಡುತ್ತಿದ್ದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನು ಹಿಂತಿರುಗಿ ನೋಡಿ ಗಾಡಿ ನಿಲ್ಲಿಸಿದ.

“ಅಣ್ಣಾ, ಮುಂದಿನ ತೊಲೆ ಎದ್ದೇಳುತ್ತಿದೆ. ಭಾರ ಸಾಲದು. ಮೇಲೆ ನಾಲ್ಕು ಕಲ್ಲು ಹೇರೋಣ.”

“ಕಲ್ಲು ಇರಲಿ. ಮೊದಲು ಸರಪಳಿ ಉದ್ದ ಮಾಡಿ ನೋಡು,” ಎಂದೆ.

ಡ್ರಾಬಾರು ನೆಲದಿಂದ 45 ಸೆಂಟಿಮೀಟರ್ ಎತ್ತರದಲ್ಲಿತ್ತು, ಕೊರಡಿನ ಕೊಂಡಿ 10 ಸೆಂಟಿಮೀಟರಿನಲ್ಲಿ. ಒಂದು ಮೀಟರಿನ ಸರಪಳಿ ಆ 35 ಸೆಂಟಿಮೀಟರ್ ಅಂತರವನ್ನು ಏರಬೇಕಾದಾಗ ಎಳೆತದ ಮೂರನೇ ಒಂದು ಪಾಲು ಕೊರಡನ್ನು ಮೇಲಕ್ಕೆತ್ತುವುದಕ್ಕೇ ಹೋಗುತ್ತದೆ. ಅದೇ ಸರಪಳಿ ಮೂರು ಮೀಟರ್ ಆದರೆ ಮೇಲೆತ್ತುವ ಪಾಲು ಹತ್ತನೇ ಒಂದಕ್ಕಿಂತ ತುಸು ಹೆಚ್ಚಷ್ಟೇ. ಸರಪಳಿ ಉದ್ದವಾದ ಕೂಡಲೇ ಕೊರಡು ನೆಲಕ್ಕೆ ಮೈಚಾಚಿ ಕೂತಿತು. ಅಲಗಿನ ಮುಂದೆ ಮಣ್ಣು ಸುರುಳಿಯಾಗಿ ಮಗುಚುತ್ತ, ಅದರೊಳಗಿಂದ ಸಣ್ಣ ಬೇರುಗಳು ತಲೆಹಾಕಿ ಮತ್ತೆ ಮುಳುಗುತ್ತ, ಗುಂಡಿಯ ಅಂಚು ಬಂದಾಗ ಆ ಇಡೀ ಸುರುಳಿ ಒಮ್ಮೆಲೇ ಒಳಗಿಳಿದದ್ದನ್ನು ಕಂಡು ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಕಲ್ಲುಗಳನ್ನು ಆಮೇಲೂ ಹೇರಬೇಕಾಗಿ ಬರಲಿಲ್ಲ.

ಎರಡು ಮೂಲೆಗಳಿಂದ ಬಂದ ಸರಪಳಿಗಳು ಮುಂದೆ ಕೂಡುವಂತೆ ಕಟ್ಟಿದ್ದರಿಂದ ಇನ್ನೊಂದು ಅನುಕೂಲವಾಯಿತು: ಒಂದು ಪಕ್ಕದ ಸರಪಳಿಯನ್ನು ಕೆಲವು ಕೊಂಡಿ ಗಿಡ್ಡ ಮಾಡಿದರೆ ಕೊರಡು ಓರೆಯಾಗಿ ಸಾಗಿ ಮಣ್ಣನ್ನು ಬದಿಗೆ ಸರಿಸುತ್ತದೆ. ದೊಡ್ಡ ದಿಬ್ಬಗಳನ್ನು ಹೀಗೆ ಓರೆಯಲ್ಲಿ ಹರಡಿ, ಆಮೇಲೆ ನೆಟ್ಟಗೆ ಎಳೆದೆವು. ಮೊದಲ ಸುತ್ತು ನೆಲಕ್ಕೆ ಮೂಲೆಯಿಂದ ಮೂಲೆಗೆ, ಮುಂದಿನದು ಅದಕ್ಕೆ ಅಡ್ಡಲಾಗಿ. ಒಂದೇ ದಿಕ್ಕಿನಲ್ಲಿ ಎಳೆಯುತ್ತ ಹೋದರೆ ಮಣ್ಣೆಲ್ಲ ಹೊಲದ ತುದಿಗೆ ಸೇರಿಕೊಳ್ಳುತ್ತದೆ. ಗಂಟೆಗೆ ನಾಲ್ಕೈದು ಕಿಲೊಮೀಟರ್ ಮೀರದ ನಿಧಾನಗತಿ ಕಾಯ್ದುಕೊಂಡೆವು. ವೇಗ ಹೆಚ್ಚಿದರೆ ಕೊರಡು ಕುಣಿಯತೊಡಗಿ ನೆಲದ ಮೇಲೆ ಅಲೆಗಳ ಸಾಲು ಮೂಡುತ್ತದೆ, ಆಮೇಲಿನ ಪ್ರತಿ ಸುತ್ತೂ ಆ ಅಲೆಗಳನ್ನೇ ಗಟ್ಟಿ ಮಾಡುತ್ತದೆ.

ಮಟ್ಟ ನೋಡುವುದಕ್ಕೆ ನೀರು ತುಂಬಿದ ಪಾರದರ್ಶಕ ಪೈಪೇ ಸಾಕಾಯಿತು. ಎರಡು ಕೋಲುಗಳಿಗೆ ಅದರ ತುದಿಗಳನ್ನು ಕಟ್ಟಿ, ನೀರು ನಿಂತ ಎತ್ತರದ ವ್ಯತ್ಯಾಸ ಅಳೆದೆವು. ನೆಲ ಬಿಲ್ಲೆಯಂತೆ ಸಮವಾಗಬೇಕೆಂಬ ಆಸೆ ನಮಗಿರಲಿಲ್ಲ. ನೂರು ಮೀಟರಿಗೆ ಒಂದು ಮೀಟರಿನಷ್ಟು ಇಳಿಜಾರು ಉಳಿಸಿಕೊಂಡರೆ ನೀರು ನಿಲ್ಲದೆ ಹರಿಯುತ್ತದೆ, ಮಣ್ಣೂ ಕೊಚ್ಚಿಹೋಗುವುದು ಕಡಿಮೆ. ನಡುವೆ ಮಡುಗಟ್ಟುವ ತಗ್ಗು ಉಳಿಯಬಾರದು, ಅಷ್ಟೇ. ತುಂಬಿಸಿದ ಗುಂಡಿಗಳ ಮೇಲೆ ಮಾತ್ರ ಬೇಕೆಂದೇ ಸಣ್ಣ ಉಬ್ಬು ಬಿಟ್ಟಿದ್ದೆವು, ಸಡಿಲ ಮಣ್ಣು ಮಳೆಗೆ ಕೂತೇ ಕೂರುತ್ತದೆ.

ಮಳೆ ಬಂದು ಹೋದ ಮೇಲೆ ಹೆಚ್ಚಿನ ಉಬ್ಬುಗಳು ಸುತ್ತಲಿನ ನೆಲಕ್ಕೆ ಸಮನಾಗಿ ಕೂತವು. ಅತಿ ದೊಡ್ಡ ಬೊಡ್ಡೆಗಳಿದ್ದ ಕಡೆ ಇನ್ನೂ ಅಂಗೈ ಆಳದ ತಗ್ಗುಗಳು ಕಾಣುತ್ತಿವೆ. ಅಲ್ಲಿಗೆ ಪಕ್ಕದ ಏರಿಯಿಂದ ಮಣ್ಣು ಎಳೆಯಬೇಕು. ಅಲಗಿನ ಅಂಚು ಕಲ್ಲಿಗೆ ತಾಗಿ ತಾಗಿ ದುಂಡಗಾಗಿರುವುದರಿಂದ, ಬೋಲ್ಟು ಬಿಚ್ಚಿ ಅದನ್ನು ತಿರುಗಿಸಿ ಹಾಕಿ, ನೆಲ ಮತ್ತೆ ಹದಕ್ಕೆ ಬಂದಾಗ ಆ ಭಾಗವನ್ನು ಮೊದಲು ಓರೆಯಾಗಿ, ಆಮೇಲೆ ಅಡ್ಡಲಾಗಿ ಎಳೆಯಲಿದ್ದೇವೆ.